ಕಾಡಿನ ಒಣಕಟ್ಟಿಗೆ ಮತ್ತು ಊರಿನ ಬೆಳಕು: ನೂರು ವರ್ಷದ ಒಂದು ಲೆಕ್ಕ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ನಮಗೆ ವಹಿಸಿದರು. ಸಂಘದ ಹುಟ್ಟು ಬೆಳವಣಿಗೆಯ ವಿಚಾರವನ್ನು ಅಧ್ಯಕ್ಷರೇ ಬರೆಯುತ್ತಿರುವುದರಿಂದ ನಾವು ಬೇರೆ ಒಂದು ವಿಷಯ ತೆಗೆದುಕೊಂಡಿದ್ದೇವೆ. ಕಳೆದ ವಾರ್ಷಿಕ ಮಹಾಸಭೆಯಲ್ಲಿ ನಮ್ಮ ಯುವಕ ಸದಸ್ಯರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಕಾಡಂಚಿನಲ್ಲಿ ಒಣಕಟ್ಟಿಗೆ ಬಿದ್ದು ಗೆದ್ದಲು ಹಿಡೀತಿದೆ, ಸಾಮಿಲ್ಲಿನ ಹೊಟ್ಟು ರಸ್ತೆ ಬದಿಯಲ್ಲಿ ರಾಶಿ ಬಿದ್ದಿದೆ, ತೋಟದಲ್ಲಿ ಸೋಗೆ, ಮಟ್ಟೆ, ಅಡಿಕೆ ಸಿಪ್ಪೆ ಕೊಳೀತಿದೆ. ಇದರಿಂದ ಕರೆಂಟು ತೆಗೆಯಬಹುದು ಅಂತಾರಲ್ಲ, ಸಂಘ ಯಾಕೆ ಈ ಕೆಲಸಕ್ಕೆ ಕೈ ಹಾಕಬಾರದು? ಊರಲ್ಲೇ ಕೆಲಸ ಸಿಕ್ಕಿದರೆ ನಾವು ಬೆಂಗಳೂರಿಗೆ ಯಾಕೆ ಹೋಗ್ತೀವಿ?" ಎಂದರು. ಒಳ್ಳೆಯ ಪ್ರಶ್ನೆ. ಅಂದು ಅದಕ್ಕೆ ಉತ್ತರ ಹೇಳುವಷ್ಟು ಸಮಯ ಇರಲಿಲ್ಲ. ಇಂದು ಹೇಳುತ್ತೇವೆ.

ಸಂಘ ದುಡ್ಡು ಹಾಕುವ ಮೊದಲು, ಇದೇ ಕೆಲಸಕ್ಕೆ ಹಿಂದೆ ಕೈ ಹಾಕಿದವರು ಯಾರು, ಅವರಿಗೆ ಏನು ದಕ್ಕಿತು, ಏನು ದಕ್ಕಲಿಲ್ಲ ಎಂದು ತಿಳಿಯುವುದು ನಿರ್ದೇಶಕರಾದವರ ಧರ್ಮ. ಕಟ್ಟಿಗೆಯಿಂದ ಶಕ್ತಿ ತೆಗೆಯುವುದು ಹೊಸ ಮಾತಲ್ಲ. ನಮ್ಮ ನಾಡಿನಲ್ಲೇ ಇದಕ್ಕೆ ನೂರು ವರ್ಷದ ಇತಿಹಾಸವಿದೆ, ಅದೂ ನಮ್ಮ ಊರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸು ಬರುವಷ್ಟು ಹತ್ತಿರದಲ್ಲಿ.

ಬೆಂಕಿಪುರದ ಕುಲುಮೆ

ಇಂದಿನ ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಹೆಸರಿಗೆ ತಕ್ಕ ಹಾಗೆ ಅಲ್ಲಿ ದೊಡ್ಡ ಬೆಂಕಿಯೇ ಹೊತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ರೂಪುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಶುರು ಮಾಡಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬರುತ್ತಿತ್ತು. ಆದರೆ ಅದಿರನ್ನು ಕರಗಿಸಲು ಕಲ್ಲಿದ್ದಲು ಬೇಕಲ್ಲ? ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ದೂರದ ಬಂಗಾಳ, ಬಿಹಾರದ ಕಡೆಯಿಂದ ತರಿಸಿದರೆ ರೈಲು ಬಾಡಿಗೆಯೇ ಕಬ್ಬಿಣದ ಬೆಲೆಯನ್ನು ನುಂಗಿಬಿಡುತ್ತಿತ್ತು. ಹಾಗಾಗಿ ಮಲೆನಾಡಿನ ಕಾಡಿನ ಸೌದೆಯನ್ನೇ ಇದ್ದಿಲು ಮಾಡಿ ಕುಲುಮೆಗೆ ಹಾಕಿದರು.

ಇಲ್ಲಿ ಒಂದು ಜಾಣತನ ಇತ್ತು. ಸೌದೆಯನ್ನು ಬಯಲಿನಲ್ಲಿ ಗುಡ್ಡೆ ಹಾಕಿ ಸುಡಲಿಲ್ಲ. ಗಾಳಿ ಹೋಗದ ಹಾಗೆ ಮುಚ್ಚಿದ ಕಬ್ಬಿಣದ ಪೆಟ್ಟಿಗೆಗಳಲ್ಲಿ ಕಾಯಿಸಿ ಭಟ್ಟಿ ಇಳಿಸಿದರು. ಹೊಗೆಯಾಗಿ ಹಾಳಾಗುತ್ತಿದ್ದುದೆಲ್ಲ ತಣ್ಣಗಾಗಿ ಸರಕಾಯಿತು. ಮರದ ಸ್ಪಿರಿಟ್, ಸುಣ್ಣದ ಅಸಿಟೇಟ್, ಡಾಂಬರು ಮೊದಲಾದವು ಇದ್ದಿಲಿನ ಜೊತೆಗೆ ಉಪ ಉತ್ಪನ್ನಗಳಾಗಿ ಬಂದವು. ಕಾಡಿನಿಂದ ಸೌದೆ ತರಲು ಕಾರ್ಖಾನೆಯವರೇ ಸಣ್ಣ ರೈಲಿನ ಹಳಿ ಹಾಕಿಸಿದರು. ಕಡಿಯುವವರು, ಗಾಡಿ ಹೊಡೆಯುವವರು, ಅಟ್ಟಿ ಹಾಕುವವರು, ಅಳೆಯುವವರು ಹೀಗೆ ಸುತ್ತಿನ ಹಳ್ಳಿಗಳ ಎಷ್ಟೋ ಮನೆಯ ಒಲೆ ಆ ಕಾರ್ಖಾನೆಯಿಂದ ಉರಿಯಿತು. "ಕಾರ್ಖಾನೆ ಸೌದೆ" ಎಂಬ ಮಾತನ್ನು ನಮ್ಮ ಕಡೆಯ ಹಳಬರ ಬಾಯಲ್ಲಿ ನಾವೂ ಕೇಳಿದ್ದೇವೆ.

ಮುಂದೆ ಆದದ್ದೇನು? ಒಂದು ಟನ್ ಇದ್ದಿಲಿಗೆ ಮೂರು ನಾಲ್ಕು ಟನ್ ಸೌದೆ ಬೇಕು. ಮೊದಲ ವರ್ಷಗಳಲ್ಲಿ ಹತ್ತಿರದ ಕಾಡು, ಆಮೇಲೆ ದೂರದ ಕಾಡು. ಕಾಡು ಹಿಂದೆ ಸರಿದ ಹಾಗೆಲ್ಲ ಸಾಗಣೆಯ ಖರ್ಚು ಏರಿತು. ಇನ್ನೊಂದು ಕಡೆ 1923ರಲ್ಲಿ ಜರ್ಮನಿಯವರು ಮರದ ಸ್ಪಿರಿಟ್ಟನ್ನು ಮರವೇ ಇಲ್ಲದೆ ಕಾರ್ಖಾನೆಯಲ್ಲಿ ತಯಾರಿಸಲು ಶುರು ಮಾಡಿದರು. ಜಗತ್ತಿನ ಎಲ್ಲಾ ಕಡೆ ಸೌದೆ ಭಟ್ಟಿಯವರಿಗೆ ಇದರಿಂದ ಪೆಟ್ಟು ಬಿತ್ತು. 1948ರಲ್ಲಿ ಜೋಗದ ದೊಡ್ಡ ವಿದ್ಯುದಾಗಾರ ಬಂದ ಮೇಲೆ, 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಸೌದೆಯ ಕಾಲ ಮೆಲ್ಲನೆ ಮುಗಿಯಿತು.

ಇದು ನಮ್ಮ ಮೊದಲ ಪಾಠ. ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು, ಕೂಲಿಯೂ ಸಿಕ್ಕಿತು. ಆದರೆ ಕಾಡು ಬೆಳೆಯುವ ವೇಗಕ್ಕೂ ಕುಲುಮೆಯ ಹಸಿವಿಗೂ ತಾಳೆಯಾಗಲಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಕಾಡಿನ ಹೊನ್ನಿಗೂ ಅದೇ ಮಾತು.

ಇದ್ದಿಲು ಗ್ಯಾಸಿನ ಬಸ್ಸು

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಆಗ ನಮ್ಮ ನಾಡಿನ ರಸ್ತೆಗಳಲ್ಲಿ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದವು. ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ಮು. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಕ್ಲೀನರು ಕೈಯಿಂದ ಗಾಳಿಯ ಚಕ್ರ ತಿರುಗಿಸಿ ತಿರುಗಿಸಿ ಬೆವರು ಸುರಿಸಿದ ಮೇಲೆ ಇಂಜಿನ್ನು ಹಿಡಿಯುತ್ತಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಊರಿನ ವೃದ್ಧರು ಇದನ್ನು ನಗುತ್ತಾ ಹೇಳುತ್ತಿದ್ದರು. ನಗುವ ವಿಷಯವಾದರೂ ಅದರೊಳಗೆ ದೊಡ್ಡ ವಿದ್ಯೆ ಇತ್ತು.

ಆ ವಿದ್ಯೆ ಇಷ್ಟೇ. ಕಟ್ಟಿಗೆ ಅಥವಾ ಇದ್ದಿಲಿಗೆ ಬೇಕಾದಷ್ಟು ಗಾಳಿ ಕೊಟ್ಟರೆ ಉರಿದು ಬೂದಿಯಾಗುತ್ತದೆ. ಗಾಳಿಯನ್ನು ಕಡಿಮೆ ಮಾಡಿ ಅರೆಬರೆ ಉರಿಸಿದರೆ, ಉರಿಯಬಲ್ಲ ಒಂದು ಗ್ಯಾಸು ಹೊರಗೆ ಬರುತ್ತದೆ. ಅದರಲ್ಲಿ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್, ಸ್ವಲ್ಪ ಮೀಥೇನ್ ಇರುತ್ತವೆ. ಹೆಚ್ಚುಕಡಿಮೆ ಅರ್ಧ ಭಾಗ ಗಾಳಿಯಿಂದ ಬಂದ ಸಾರಜನಕ, ಅದು ಉರಿಯುವುದಿಲ್ಲ. ಒಂದು ಕಿಲೋ ಒಣಕಟ್ಟಿಗೆಗೆ ಸುಮಾರು ಎರಡೂವರೆ ಘನ ಮೀಟರ್ ಗ್ಯಾಸು ಸಿಗುತ್ತದೆ. ತಣ್ಣಗೆ ಮಾಡಿ, ಡಾಂಬರು ಮತ್ತು ಧೂಳು ಸೋಸಿ ಇಂಜಿನ್ನಿಗೆ ಕೊಟ್ಟರೆ ಪಂಪು ತಿರುಗುತ್ತದೆ, ಡೈನಮೋ ತಿರುಗುತ್ತದೆ. ಕಟ್ಟಿಗೆ ಚೆನ್ನಾಗಿ ಒಣಗಿರಬೇಕು, ಹಸಿ ಇದ್ದರೆ ಗ್ಯಾಸು ಕೆಡುತ್ತದೆ. ಇನ್ನೊಂದು ಮಾತು: ಈ ಕಾರ್ಬನ್ ಮಾನಾಕ್ಸೈಡ್ ವಿಷ. ವಾಸನೆ ಇಲ್ಲ, ಬಣ್ಣ ಇಲ್ಲ, ಮುಚ್ಚಿದ ಕೋಣೆಯಲ್ಲಿ ಸೋರಿದರೆ ಪ್ರಾಣ ಹೋಗುತ್ತದೆ. ಯಂತ್ರದ ಮನೆಗೆ ಗಾಳಿ ಬೆಳಕು ಧಾರಾಳವಾಗಿ ಇರಲೇಬೇಕು.

ಯುದ್ಧ ಮುಗಿದು ಪೆಟ್ರೋಲು ಸಿಕ್ಕಿದ ಮೇಲೆ ಡ್ರಮ್ಮುಗಳು ಗುಜರಿ ಸೇರಿದವು. ಮೂವತ್ತು ವರ್ಷ ಯಾರೂ ಅದರ ಸುದ್ದಿ ಎತ್ತಲಿಲ್ಲ. 1973ರಲ್ಲಿ ಅರಬ್ ದೇಶಗಳು ಎಣ್ಣೆಯ ಬೆಲೆ ಏರಿಸಿದಾಗ ಹಳೆಯ ವಿದ್ಯೆ ಮತ್ತೆ ನೆನಪಾಯಿತು.

ಕುಣಿಗಲ್ ತಾಲ್ಲೂಕಿನ ಎರಡು ಹಳ್ಳಿಗಳು

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ "ಅಸ್ತ್ರ" ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಹಚ್ಚುವುದು ಅದರ ಉದ್ದೇಶ. ನಮ್ಮ ತಾಯಂದಿರಿಗೆ ಗೊತ್ತಿರುವ ಅಸ್ತ್ರ ಒಲೆ ಅವರದೇ ಕೊಡುಗೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಒಂದು ಕೇಂದ್ರ ಮಾಡಿಕೊಂಡು ಸುತ್ತಿನ ಹಳ್ಳಿಗಳಲ್ಲಿ ಕೆಲಸ ಮಾಡಿದರು.

ಅದರಲ್ಲಿ ಒಂದು ಹಳ್ಳಿ ಪುರ. ಅಲ್ಲಿ ಮೊದಲು ಊರಿನ ಸಗಣಿಯನ್ನೆಲ್ಲ ಸೇರಿಸಿ ಅಡುಗೆ ಗ್ಯಾಸು ಕೊಡುವ ಯೋಜನೆ ಇತ್ತು. ಎಲ್ಲಾ ಮನೆಯ ಅಡುಗೆಗೆ ಸಾಕಾಗುವಷ್ಟು ಸಗಣಿ ಇರಲಿಲ್ಲ, ಯೋಜನೆ ನಡೆಯಲಿಲ್ಲ. ಆಮೇಲೆ ಊರಿನವರನ್ನೇ ಕೇಳಿದಾಗ ಅವರು ನೀರು ಮತ್ತು ದೀಪ ಬೇಕೆಂದರು. 1987ರಿಂದ ಅದೇ ಗ್ಯಾಸಿನಿಂದ ಇಂಜಿನ್ ನಡೆಸಿ ಕುಡಿಯುವ ನೀರು, ದೀಪ ಕೊಟ್ಟರು. ಇದರಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಸಗಣಿ ಹೊತ್ತು ತಂದವರಿಗೆ ತೂಕದ ಮೇಲೆ ದುಡ್ಡು ಕೊಟ್ಟರು, ಗ್ಯಾಸು ತೆಗೆದ ಮೇಲೆ ಉಳಿದ ಗೊಬ್ಬರವನ್ನು ವಾಪಸು ಕೊಟ್ಟರು. ಊರಿನ ಸಗಣಿ ಅಂತ ಪುಕ್ಕಟೆ ಕಿತ್ತುಕೊಳ್ಳಲಿಲ್ಲ.

ಇನ್ನೊಂದು ಹಳ್ಳಿ ಹೊಸಹಳ್ಳಿ. ಸುಮಾರು 35 ಮನೆಗಳ ಪುಟ್ಟ ಊರು, ಆಗ ಅಲ್ಲಿಗೆ ವಿದ್ಯುತ್ ತಂತಿ ಬಂದಿರಲಿಲ್ಲ. 1988ರಲ್ಲಿ ಅಲ್ಲಿ ಕಟ್ಟಿಗೆ ಗ್ಯಾಸಿನ ಸಣ್ಣ ಯಂತ್ರ ಕೂರಿಸಿದರು, ನಾಲ್ಕು ಕಿಲೋವ್ಯಾಟ್‌ಗೂ ಕಡಿಮೆ ಶಕ್ತಿಯದು. ಮುಂದೆ ಅದನ್ನು 20 ಕಿಲೋವ್ಯಾಟ್‌ಗೆ ಏರಿಸಿದರು. ದೀಪ ಹತ್ತಿತು, ನಲ್ಲಿಗೆ ನೀರು ಬಂತು, ಹಿಟ್ಟಿನ ಗಿರಣಿ ಓಡಿತು. ಯಂತ್ರ ನೋಡಿಕೊಂಡವರು ಊರಿನ ಹುಡುಗರೇ. ದೀಪಕ್ಕಿಷ್ಟು, ನೀರಿಗಿಷ್ಟು ಅಂತ ಮನೆಯವರು ತಿಂಗಳಿಗೆ ಹಣ ಕೊಟ್ಟರು. 1998ರಿಂದ 2003ರವರೆಗಿನ ಆರು ವರ್ಷದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ದಿನ ದೀಪ ಮತ್ತು ನೀರು ತಪ್ಪಲಿಲ್ಲ ಎಂದು ವಿಜ್ಞಾನಿಗಳು ಲೆಕ್ಕ ಇಟ್ಟಿದ್ದಾರೆ. ಆ ಕಾಲದಲ್ಲಿ ಲೈನು ಬಂದಿದ್ದ ನಮ್ಮಂಥ ಊರುಗಳಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತಿತ್ತು ಎಂಬುದನ್ನು ಸದಸ್ಯರು ನೆನಪು ಮಾಡಿಕೊಳ್ಳಲಿ!

ಹೊಸಹಳ್ಳಿಯವರಿಗೆ ಕಟ್ಟಿಗೆ ಎಲ್ಲಿಂದ ಬಂತು? ಕಾಡು ಕಡಿದು ತರಲಿಲ್ಲ. ಯಂತ್ರದ ಜೊತೆಗೇ ಊರಿನ ಜಾಗದಲ್ಲಿ ಸೌದೆ ತೋಪು ನೆಟ್ಟರು. ಭದ್ರಾವತಿಯಲ್ಲಿ ತಾಳೆಯಾಗದ ಲೆಕ್ಕ ಈ ಪುಟ್ಟ ಊರಿನಲ್ಲಿ ತಾಳೆಯಾಯಿತು. ಕಾರಣ, ಹಸಿವು ಸಣ್ಣದು, ತೋಪು ಸ್ವಂತದ್ದು, ಲೆಕ್ಕ ಕೇಳುವವರೂ ಊರಿನವರೇ.

ಇಂಥ ಘಟಕಗಳಿಗೆ ಮುಂದೆ ಬೇರೆ ಕಷ್ಟ ಬಂತು. ಹಳ್ಳಿಹಳ್ಳಿಗೂ ಸರ್ಕಾರಿ ಲೈನು ಬಂದಾಗ, ದಿನಾ ಕಟ್ಟಿಗೆ ಕೊಚ್ಚಿ ಬೂದಿ ಬಳಿದು ಕರೆಂಟು ಮಾಡುವ ತಾಪತ್ರಯ ಯಾರಿಗೆ ಬೇಕು? ಸ್ವಿಚ್ಚು ಒತ್ತಿದರೆ ಬರುವುದನ್ನೇ ಜನ ಇಷ್ಟಪಡುತ್ತಾರೆ. ಅದು ಸಹಜ.

ಕಬ್ಬಿಗೆರೆಯ ಲೆಕ್ಕ

ಹೊಸಹಳ್ಳಿಯ ಅನುಭವ ನೋಡಿ, 2001ರಲ್ಲಿ ತುಮಕೂರು ಜಿಲ್ಲೆಯಲ್ಲೇ ಇದಕ್ಕಿಂತ ಬಹಳ ದೊಡ್ಡ ಯೋಜನೆ ಶುರುವಾಯಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು, ಜಾಗತಿಕ ಪರಿಸರ ನಿಧಿಯವರು, ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯವರು ಸೇರಿ ಮಾಡಿದ್ದು. "ಬೇರಿ" ಎಂದು ಅದನ್ನು ಕರೆದರು. ಹಳ್ಳಿಗಳಲ್ಲಿ ಸೌದೆ ತೋಪು ಬೆಳೆಸಿದರು, ಸಗಣಿ ಗ್ಯಾಸಿನ ಗುಂಡಿ ಕಟ್ಟಿಸಿದರು, ಗ್ರಾಮ ಅರಣ್ಯ ಸಮಿತಿಗಳನ್ನು ಜೊತೆಗೆ ತೆಗೆದುಕೊಂಡರು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಒಟ್ಟು 500 ಕಿಲೋವ್ಯಾಟ್‌ನ ಕಟ್ಟಿಗೆ ಗ್ಯಾಸಿನ ವಿದ್ಯುತ್ ಘಟಕ ನಿಂತಿತು. ಅಲ್ಲಿನ ಕರೆಂಟನ್ನು ಯೂನಿಟ್ಟಿಗೆ 2 ರೂಪಾಯಿ 85 ಪೈಸೆಯಂತೆ ಬೆಸ್ಕಾಂ ಖರೀದಿಸಿತು. ಹಳ್ಳಿಯವರು ಸರ್ಕಾರದಿಂದ ಕರೆಂಟು ಕೊಳ್ಳುವುದು ನೋಡಿದ್ದೆವು. ಹಳ್ಳಿಯೇ ಕರೆಂಟು ಮಾರಿದ್ದು ಅದೊಂದು ಹೊಸ ಹೆಮ್ಮೆ.

ಇನ್ನು ಪೆನ್ನು ಕಾಗದ ಹಿಡಿಯೋಣ. ಅಲ್ಲಿನ 100 ಕಿಲೋವ್ಯಾಟ್‌ನ ಒಂದು ಯಂತ್ರವನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿದಾಗ ಒಂದು ಯೂನಿಟ್ಟಿಗೆ ಸುಮಾರು 1.36 ಕಿಲೋ ಕಟ್ಟಿಗೆ ಖರ್ಚಾಯಿತು. ಕಟ್ಟಿಗೆ ಕಿಲೋಗೆ ಒಂದೂವರೆ ರೂಪಾಯಿ ಬಿದ್ದರೆ ಒಂದು ಯೂನಿಟ್ಟಿಗೆ ಕಟ್ಟಿಗೆಯೇ 2 ರೂಪಾಯಿ 4 ಪೈಸೆ. ಎರಡು ರೂಪಾಯಿ ಬಿದ್ದರೆ 2 ರೂಪಾಯಿ 72 ಪೈಸೆ. ಮಾರುವ ಬೆಲೆ 2.85. ಉಳಿದದ್ದು 13 ಪೈಸೆ. ಈ 13 ಪೈಸೆಯಲ್ಲಿ ಯಂತ್ರ ನಡೆಸುವ ಹುಡುಗನ ಸಂಬಳ, ಇಂಜಿನ್ ಆಯಿಲ್, ಫಿಲ್ಟರು, ರಿಪೇರಿ, ಸವಕಳಿ ಎಲ್ಲಾ ಆಗಬೇಕು. ಆಗುತ್ತದೆಯೇ? ನಮ್ಮ ಸಂಘದ ಗುಮಾಸ್ತರನ್ನು ಕೇಳಿದರೂ ಆಗುವುದಿಲ್ಲ ಅಂತ ಹೇಳುತ್ತಾರೆ. ಈ ಕಟ್ಟಿಗೆ ದರಗಳು ಉದಾಹರಣೆಗೆ ನಾವು ಹಾಕಿಕೊಂಡವು. ಆದರೆ ಲೆಕ್ಕದ ದಾರಿ ಇದೇ. ಕಟ್ಟಿಗೆಗೆ ಬೆಲೆ ಕಡಿಮೆ ಕೊಟ್ಟರೆ ತರುವವರು ಬರುವುದಿಲ್ಲ, ನ್ಯಾಯದ ಬೆಲೆ ಕೊಟ್ಟರೆ ಘಟಕ ಉಳಿಯುವುದಿಲ್ಲ. ಈ ಇಕ್ಕಟ್ಟನ್ನು ವಿಜ್ಞಾನಿಗಳ ಯಂತ್ರ ಬಿಡಿಸಲಾರದು. ಮಾರುವ ಬೆಲೆ ನಿಗದಿ ಮಾಡುವ ಜಾಗದಲ್ಲಿ ಅದು ಬಿಡಬೇಕು.

ಪ್ರಮಾಣವನ್ನೂ ನೋಡೋಣ. 100 ಕಿಲೋವ್ಯಾಟ್ ಯಂತ್ರ ದಿನಕ್ಕೆ ಹತ್ತು ಗಂಟೆ ಪೂರ್ತಿ ಓಡಿದರೆ 1,000 ಯೂನಿಟ್. ಅದಕ್ಕೆ 1,360 ಕಿಲೋ ಒಣಕಟ್ಟಿಗೆ. ತಲೆಹೊರೆ ಒಂದಕ್ಕೆ 25 ಕಿಲೋ ಹಿಡಿದರೆ ದಿನಕ್ಕೆ 54 ಹೊರೆ. ವರ್ಷಕ್ಕೆ 300 ದಿನವಾದರೆ 408 ಟನ್. ತೋಪಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ 5 ಟನ್ ಬೆಳೆಯುತ್ತದೆ ಅಂತ ಇಟ್ಟುಕೊಂಡರೂ ಹತ್ತಿರ ಹತ್ತಿರ 200 ಎಕರೆ ತೋಪು ಬೇಕು. ರಸ್ತೆ ಬದಿಯ ಹೊಟ್ಟಿನ ರಾಶಿ ನೋಡಿ "ಬೇಕಾದಷ್ಟಿದೆ" ಅನ್ನುವವರು ಈ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಬೇಕು. ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿದರೆ, 54 ಹೊರೆ ಅಂದರೆ ಅಷ್ಟು ಕೈಗಳಿಗೆ ಕೆಲಸ. ಆಯುವುದು, ಕೊಚ್ಚುವುದು, ಒಣಗಿಸುವುದು, ತೂಗುವುದು, ಸಾಗಿಸುವುದು. ಉದ್ಯೋಗ ಇರುವುದು ಹೆಚ್ಚಾಗಿ ಇಂಜಿನ್ ಮನೆಯ ಹೊರಗೆ, ಸೌದೆಯ ದಾರಿಯಲ್ಲಿ.

ದೂರದ ಒಂದು ಊರು

ಇದೆಲ್ಲ ನಮ್ಮ ದೇಶದ ಬಡತನದ ತೊಂದರೆ, ಹೊರದೇಶದಲ್ಲಿ ಹೀಗಿಲ್ಲ ಅಂತ ಕೆಲವರು ಹೇಳಬಹುದು. ಅದಕ್ಕಾಗಿ ಯುರೋಪಿನ ಆಸ್ಟ್ರಿಯಾ ದೇಶದ ಗ್ಯೂಸಿಂಗ್ ಎಂಬ ಊರಿನ ವಿಚಾರ ಹೇಳುತ್ತೇವೆ. ಹಂಗೇರಿಯ ಗಡಿಯಲ್ಲಿರುವ, ಸುಮಾರು ನಾಲ್ಕು ಸಾವಿರ ಜನರ ಪಟ್ಟಣ. ಆ ದೇಶಕ್ಕೆ ಅದು ಹಿಂದುಳಿದ ಸೀಮೆ. ದುಡಿಯುವವರು ವಾರಪೂರ್ತಿ ವಿಯೆನ್ನಾ ನಗರದಲ್ಲಿದ್ದು ಶನಿವಾರ ಭಾನುವಾರ ಮನೆಗೆ ಬರುತ್ತಿದ್ದರು. ನಮ್ಮ ಊರಿನ ಹುಡುಗರು ಹಬ್ಬಕ್ಕೆ ಬರುವ ಹಾಗೆ. ಸುತ್ತಲೂ ಕಾಡು, ಆದರೆ ಎಣ್ಣೆ ಮತ್ತು ಕರೆಂಟಿಗೆ ಊರಿನ ದುಡ್ಡೆಲ್ಲ ಹೊರಗೆ ಹೋಗುತ್ತಿತ್ತು.

1990ರಲ್ಲಿ ಅಲ್ಲಿನ ಪುರಸಭೆ, ಇನ್ನು ಮುಂದೆ ಎಣ್ಣೆ ಕಲ್ಲಿದ್ದಲು ಬಿಟ್ಟು ನಮ್ಮ ಸೀಮೆಯ ಶಕ್ತಿಯನ್ನೇ ಬಳಸೋಣ ಎಂದು ತೀರ್ಮಾನ ಮಾಡಿತು. 1992ರಲ್ಲಿ ಪೀಟರ್ ವಾದಾಸ್ ಎಂಬುವರು ಮೇಯರ್ ಆದರು, ಅವರ ಜೊತೆ ರೈನ್‌ಹಾರ್ಡ್ ಕೋಖ್ ಎಂಬ ಇಂಜಿನಿಯರು ಕೆಲಸ ಮಾಡಿದರು. ಅವರು ಮೊದಲಿಗೆ ಯಂತ್ರ ಕೊಳ್ಳಲಿಲ್ಲ. ಪುರಸಭೆಯ ಕಟ್ಟಡಗಳಲ್ಲಿ, ಬೀದಿ ದೀಪಗಳಲ್ಲಿ ಪೋಲಾಗುತ್ತಿದ್ದ ಶಕ್ತಿಯನ್ನು ತಡೆದರು. ಖರ್ಚು ಹತ್ತಿರ ಹತ್ತಿರ ಅರ್ಧ ಇಳಿಯಿತು. ಆಮೇಲೆ 1996ರಲ್ಲಿ ಕಾಡಿನ ಕಟ್ಟಿಗೆ ಉರಿಸಿ ಬಿಸಿನೀರು ಮಾಡಿ, ನೆಲದ ಕೆಳಗಿನ ಪೈಪಿನಲ್ಲಿ ಮನೆಮನೆಗೂ ಚಳಿಗಾಲದ ಬಿಸಿ ಕೊಟ್ಟರು. 2001ರ ಹೊತ್ತಿಗೆ ಕಟ್ಟಿಗೆ ಗ್ಯಾಸಿನಿಂದ ಸುಮಾರು 2 ಮೆಗಾವ್ಯಾಟ್ ಕರೆಂಟು, ನಾಲ್ಕೂವರೆ ಮೆಗಾವ್ಯಾಟ್ ಶಾಖ ಕೊಡುವ ಘಟಕ ಬಂತು. ಮರಮಟ್ಟಿಗೆ ಬಾರದ ಕಟ್ಟಿಗೆಯನ್ನು ಆ ಸೀಮೆಯ ಕಾಡಿನ ಮಾಲೀಕರ ಒಕ್ಕೂಟದವರು ಒದಗಿಸಿದರು. ಅಗ್ಗದ ಶಾಖ ಸಿಗುತ್ತದೆ ಅಂತ ಮರದ ನೆಲಹಾಸು ಮಾಡುವ ಕಾರ್ಖಾನೆಗಳು ಅಲ್ಲಿಗೆ ಬಂದವು. ಅವುಗಳ ಕಸ ಮತ್ತೆ ಶಕ್ತಿಯಾಯಿತು. ಸುಮಾರು 50 ಉದ್ದಿಮೆ, 1,000 ಉದ್ಯೋಗ ಬಂತು ಎಂದು ಊರಿನವರು ಹೇಳಿಕೊಂಡರು. ಜಗತ್ತೆಲ್ಲ ನೋಡಲು ಬಂತು.

ಆದರೆ ಆ ವಿದ್ಯುತ್ ಘಟಕ ನಿಂತಿದ್ದು ಸರ್ಕಾರ ಗೊತ್ತು ಮಾಡಿಕೊಟ್ಟ ಕರೆಂಟಿನ ಬೆಲೆಯ ಮೇಲೆ. ಕಟ್ಟಿಗೆಯ ಬೆಲೆ ಏರಿತು, ನಡೆಸುತ್ತಿದ್ದ ಕಂಪನಿ 2013ರಲ್ಲಿ ದಿವಾಳಿ ಆಯಿತು, ಬೆಲೆಯ ಕರಾರು ಮುಗಿದ ಮೇಲೆ 2016ರಲ್ಲಿ ಘಟಕ ನಿಂತಿತು. ಯಂತ್ರ ಕೆಟ್ಟು ನಿಂತದ್ದಲ್ಲ. ಕಬ್ಬಿಗೆರೆಯ ಲೆಕ್ಕವೇ ಅಲ್ಲಿಯೂ ಬಂತು ನೋಡಿ. ಶ್ರೀಮಂತ ದೇಶ, ಬಡ ದೇಶ ಎಂಬ ಭೇದ ಕಟ್ಟಿಗೆಯ ಲೆಕ್ಕಕ್ಕೆ ಇಲ್ಲ.

ಕಸ ಯಾರದು?

ಈಗ ನಾವು ಹೇಳಲೇಬೇಕಾದ ಮುಖ್ಯ ಮಾತಿಗೆ ಬರುತ್ತೇವೆ. ಸಭೆಯಲ್ಲಿ ಎಲ್ಲರೂ "ಕಸ", "ವೇಸ್ಟು" ಎಂದರು. ಆದರೆ ನಮ್ಮ ಊರಿನ ಕಾಡಂಚಿನಿಂದ ಬೆಳಿಗ್ಗೆ ಹತ್ತು ಗಂಟೆಗೆ ತಲೆಹೊರೆ ಹೊತ್ತು ಇಳಿಯುವ ಹೆಂಗಸರನ್ನು ಎಲ್ಲರೂ ನೋಡಿದ್ದೇವೆ. ಅವರಲ್ಲಿ ಹೆಚ್ಚಿನವರಿಗೆ ಜಮೀನಿಲ್ಲ. 2016ರಿಂದ ಉಜ್ವಲ ಯೋಜನೆಯಲ್ಲಿ ಗ್ಯಾಸ್ ಒಲೆ ಬಂದಿದ್ದರೂ, ಸಿಲಿಂಡರ್ ತುಂಬಿಸಲು ದುಡ್ಡಿಲ್ಲದ ಮನೆಯಲ್ಲಿ ಇವತ್ತಿಗೂ ಪುಳ್ಳೆ ಸೌದೆಯೇ ಗತಿ. ನಮಗೆ ಕಸವಾದದ್ದು ಅವರಿಗೆ ಮಧ್ಯಾಹ್ನದ ಅನ್ನ, ಮಕ್ಕಳ ಸ್ನಾನದ ನೀರು. ನಾಳೆ ಆ ಕಸಕ್ಕೆ ಕಿಲೋಗೆ ಎರಡು ರೂಪಾಯಿ ಬೆಲೆ ಬಂತು ಅನ್ನಿ. ಟ್ರಾಕ್ಟರು ಇದ್ದವನು ಒಂದೇ ದಿನ ತುಂಬಿಕೊಂಡು ಹೋಗುತ್ತಾನೆ. ಪುಕ್ಕಟೆ ಸಿಗುತ್ತಿದ್ದುದು ಅವರಿಗೆ ಸಿಗದ ಹಾಗೆ ಆಗುತ್ತದೆ. ಊರಿಗೆ ಉದ್ಯೋಗ ತರುತ್ತೇವೆ ಅಂತ ಹೊರಟು ಬಡವರ ಒಲೆ ಆರಿಸಿದರೆ ಅದು ಸಹಕಾರ ಆಗುವುದಿಲ್ಲ.

ಕಾಡಿಗೂ ಒಂದು ಪಾಲಿದೆ. ಬಿದ್ದ ಕೊಂಬೆ, ಉದುರಿದ ಎಲೆ ಕೊಳೆತು ಮಣ್ಣಾಗುತ್ತದೆ. ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ತೋಟಕ್ಕೆ ಹಾಕುವ ನಮ್ಮ ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎಲ್ಲವನ್ನೂ ಗುಡಿಸಿ ತಂದರೆ ಹತ್ತು ವರ್ಷದಲ್ಲಿ ಕಾಡಿನ ನೆಲ ಬೋಳಾಗುತ್ತದೆ. ಕಾನೂನೂ ಇದೆ. ಮೀಸಲು ಅರಣ್ಯದಿಂದ ವ್ಯಾಪಾರಕ್ಕೆ ಕಟ್ಟಿಗೆ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ಸತ್ತ, ಒಣಗಿದ, ಬಿದ್ದ ಮರವನ್ನೂ ತೆಗೆಯಬಾರದೆಂದು 2000ನೇ ಇಸವಿಯ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿದೆ. ಆದ್ದರಿಂದ "ಕಾಡಿನ ಕಸ" ಅಂತ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಮೊದಲಿಗೆ ಸಾಮಿಲ್ಲಿನ ಹೊಟ್ಟು, ತೋಟದ ಮಟ್ಟೆ ಸಿಪ್ಪೆ, ರೈತರ ಬೇಲಿಯ ಅಕೇಶಿಯಾ ಮತ್ತು ಸಿಲ್ವರ್ ಓಕ್ ಸವರಿದ ಕೊಂಬೆ, ಮತ್ತು ಇಲಾಖೆ ಒಪ್ಪಿದ ಕಡೆ ಕಾಡನ್ನು ತಿನ್ನುತ್ತಿರುವ ಲಂಟಾನ. ಇಷ್ಟೇ.

ಸಂಘ ಏನು ಮಾಡಬಹುದು?

ಹಾಗಾದರೆ ಕೈಕಟ್ಟಿ ಕೂರಬೇಕೇ? ಇಲ್ಲ. ನೂರು ವರ್ಷದ ಈ ಕಥೆಯಲ್ಲಿ ಸೋತದ್ದು ಒಂದು ಕಡೆಯಾದರೆ ಉಳಿದುಕೊಂಡದ್ದು ಇನ್ನೊಂದು ಕಡೆ ಇದೆ. ಕಟ್ಟಿಗೆಯನ್ನು ಕರೆಂಟು ಮಾಡಿ ಮಾರಲು ಹೋದವರು ಬೆಲೆಗೆ ಸಿಕ್ಕಿಹಾಕಿಕೊಂಡರು. ಕಟ್ಟಿಗೆಯನ್ನು ಶಾಖವಾಗಿಯೇ ಬಳಸಿದವರಿಗೆ ಅಷ್ಟು ನಷ್ಟವಾಗಲಿಲ್ಲ. ಕಟ್ಟಿಗೆಯಿಂದ ಗ್ಯಾಸು, ಗ್ಯಾಸಿನಿಂದ ಇಂಜಿನ್, ಇಂಜಿನ್ನಿನಿಂದ ಕರೆಂಟು ಅಂತ ಬರುವಾಗ ದಾರಿಯಲ್ಲಿ ಮುಕ್ಕಾಲು ಪಾಲು ಶಕ್ತಿ ಸೋರಿಹೋಗುತ್ತದೆ. ಒಲೆಯಲ್ಲಿ ಅಷ್ಟು ಸೋರುವುದಿಲ್ಲ. ನಮ್ಮ ರಾಜ್ಯದಲ್ಲೇ ರೇಷ್ಮೆ ಗೂಡು ಬೇಯಿಸುವವರಿಗೆ ಟೇರಿ ಸಂಸ್ಥೆಯವರು ಕಟ್ಟಿಗೆ ಗ್ಯಾಸಿನ ಒಲೆ ಮಾಡಿಕೊಟ್ಟರು. ಅಡಿಕೆ ಬೇಯಿಸಲು, ಬೆಲ್ಲ ಕಾಯಿಸಲು, ಹೋಟೆಲಿಗೆ ಸೌದೆ ಉಳಿಸುವ ಒಲೆಗಳೂ ಬಂದಿವೆ.

ಸದಸ್ಯರ ವಿಚಾರಕ್ಕಾಗಿ ನಮ್ಮ ಸಲಹೆಗಳು ಹೀಗಿವೆ:

1. ದೊಡ್ಡ ವಿದ್ಯುತ್ ಘಟಕದ ಆಸೆಗೆ ಈಗಲೇ ಹೋಗುವುದು ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಮೊದಲು ಸಂಘದ ಅಂಗಳದಲ್ಲೇ ಸದಸ್ಯರು ಸುಗ್ಗಿಯಲ್ಲಿ ಬಳಸಲು ಅಡಿಕೆ ಬೇಯಿಸುವ, ಒಣಗಿಸುವ ಒಂದು ಸುಧಾರಿತ ಒಲೆ ಮನೆ ಕಟ್ಟೋಣ. ಸುಡಲು ಸಿಪ್ಪೆ, ಹೊಟ್ಟು ಸಾಕು. ಮಳೆ ಹಿಡಿದ ವರ್ಷ ಅಡಿಕೆಗೆ ಬೂಷ್ಟು ಹಿಡಿಯುವ ಸಂಕಟ ಎಲ್ಲರಿಗೂ ಗೊತ್ತಿದೆ.

2. ಆಮೇಲೆ ಹೊಟ್ಟು ಮತ್ತು ತೋಟದ ಕಸವನ್ನು ಒತ್ತಿ ಬಿಲ್ಲೆ ಮಾಡುವ ಸಣ್ಣ ಯಂತ್ರದ ವಿಚಾರ ಮಾಡಬಹುದು. ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಇಂಥ ಬಿಲ್ಲೆಗಳನ್ನೂ ಸುಡಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ನೀತಿ ಮಾಡಿದೆ. ಆದರೂ ಕೊಳ್ಳುವವರ ಜೊತೆ ಬರವಣಿಗೆಯ ಕರಾರು ಆಗದೆ ಯಂತ್ರಕ್ಕೆ ಮುಂಗಡ ಕೊಡಬಾರದು.

3. ಕಟ್ಟಿಗೆ, ಕಸ ತರುವವರಿಗೆ ತೂಕದ ಮೇಲೆ ಅಂದಂದೇ ಹಣ. ಪುರ ಹಳ್ಳಿಯವರು ಸಗಣಿಗೆ ಮಾಡಿದ ಹಾಗೆ. ತಲೆಹೊರೆಯ ಹೆಂಗಸರಿಗೆ ಮೊದಲ ಹಕ್ಕು, ಟ್ರಾಕ್ಟರಿಗೆ ಆಮೇಲೆ. ಅವರ ಮನೆಯ ಒಲೆಗೆ ಬೇಕಾದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕೊಳ್ಳಬೇಕು. ಅವರನ್ನು ಷೇರುದಾರರನ್ನಾಗಿ ಮಾಡಿಕೊಳ್ಳಬೇಕು, ಷೇರು ಹಣವನ್ನು ಹೊರೆಯ ದುಡ್ಡಿನಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳಬಹುದು.

4. ಒಂದು ಸೌದೆ ಸುಡುವ ಮೊದಲು ಒಂದು ಗಿಡ ನೆಡುವುದು. ಗೋಮಾಳದ ಅಂಚು, ಕೆರೆ ಏರಿಯ ಹಿಂಬದಿ, ಶಾಲೆ ಸುತ್ತ ಗ್ರಾಮ ಅರಣ್ಯ ಸಮಿತಿಯ ಜೊತೆ ಸೇರಿ ತೋಪು ಬೆಳೆಸೋಣ. ಜನರ ಜೊತೆ ಸೇರಿ ಅರಣ್ಯ ಬೆಳೆಸುವ ಸರ್ಕಾರದ ಆದೇಶ ನಮ್ಮ ರಾಜ್ಯದಲ್ಲಿ 1993ರಲ್ಲೇ ಬಂದಿದೆ.

5. ಲೆಕ್ಕ ಬೇರೆ ಪುಸ್ತಕದಲ್ಲಿ. ತಿಂಗಳಿಗೊಮ್ಮೆ ಸಂಘದ ಬೋರ್ಡಿನ ಮೇಲೆ ಎಷ್ಟು ತೂಕ ಬಂತು, ಎಷ್ಟು ದುಡ್ಡು ಹೋಯಿತು ಅಂತ ಬರೆದು ಹಾಕಬೇಕು.

ಇದು ಸಹಕಾರಕ್ಕೆ ಹೊರಗಿನ ಕೆಲಸ ಅಂತ ಯಾರೂ ತಿಳಿಯಬಾರದು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲು. ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿ ಪ್ರಾಂತದಲ್ಲಿ ಕಾಡು ಕೂಲಿಕಾರರ ಸಹಕಾರ ಸಂಘಗಳು ಹುಟ್ಟಿದ್ದು ಗುತ್ತಿಗೆದಾರರ ಕೈಯಿಂದ ಕೂಲಿಯನ್ನು ಬಿಡಿಸಲು. ದುರ್ಬಲನ ಕೈಗೆ ತಕ್ಕಡಿ ಕೊಡುವುದೇ ಸಹಕಾರದ ಹಳೆಯ ಕೆಲಸ. ಕಟ್ಟಿಗೆಯ ತಕ್ಕಡಿಯೂ ಅದಕ್ಕೆ ಹೊರತಲ್ಲ.

ಯುವಕ ಸದಸ್ಯರಿಗೆ ನಾವು ಹೇಳುವುದಿಷ್ಟು. ನಿಮ್ಮ ಪ್ರಶ್ನೆ ಸರಿಯಾದದ್ದು. ಹಿತ್ತಲ ಗಿಡ ಮದ್ದಲ್ಲ ಅಂತ ಕೂತವರು ನಾವಾಗುವುದು ಬೇಡ. ಆದರೆ ಬೆಂಕಿಪುರದ ಕುಲುಮೆಯಿಂದ ಗ್ಯೂಸಿಂಗ್‌ವರೆಗೆ ನೋಡಿದರೆ ಯಂತ್ರ ಎಲ್ಲೂ ಸೋತಿಲ್ಲ. ಸೋತದ್ದು ಸೌದೆಯ ಲೆಕ್ಕ ಮತ್ತು ಬೆಲೆಯ ಲೆಕ್ಕ. ಅವೆರಡನ್ನೂ ಮೊದಲು ಸರಿ ಮಾಡಿಕೊಂಡರೆ ಸಣ್ಣದಾದರೂ ನಿಲ್ಲುವ ಕೆಲಸ ನಮ್ಮಿಂದ ಆದೀತು. ಮುಂದಿನ ಮಹಾಸಭೆಯಲ್ಲಿ ಈ ಐದು ಸಲಹೆಗಳನ್ನು ವಿಷಯ ಪಟ್ಟಿಯಲ್ಲಿ ಸೇರಿಸಲು ಆಡಳಿತ ಮಂಡಳಿಗೆ ಕೇಳಿಕೊಂಡಿದ್ದೇವೆ. ಸದಸ್ಯರೆಲ್ಲರೂ ತಪ್ಪದೆ ಬಂದು, ಬೇಕು ಬೇಡ ಎರಡನ್ನೂ ಬಾಯಿಬಿಟ್ಟು ಹೇಳಬೇಕು. ತಲೆಹೊರೆ ಹೊರುವ ತಾಯಂದಿರು ಅಂದು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಬೇಕೆಂದು ನಮ್ಮ ವಿಶೇಷ ಪ್ರಾರ್ಥನೆ.